ರಿಪೋರ್ಟಿನ ಮೇಲೆ ನಾಲ್ಕು ಹೆಸರು

‘ಮ್ಯಾಡಂ, ಎಲ್ಲಾ ನಾವಿಬ್ಬರ ಮಾಡಾಕತ್ತೀವ್ರಿ. ಅವ ಏನೂ ಮಾಡಂಗಿಲ್ರಿ. ಬರೇ ಹೆಸರು ಐತಿ.’

ಎಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳಿಂದ ಪ್ರತಿ ವರ್ಷ ತಪ್ಪದೆ ಕೇಳುವ ದೂರು ಇದು. ಹೇಳಲು ಬರುವ ಹೊತ್ತಿಗೆ ವೈವಾಕ್ಕೆ ಒಂದು ವಾರ ಉಳಿದಿರುತ್ತದೆ. ನಾನು ಖಾನಾಪುರದವಳು, ಬೆಳಗಾವಿಯ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ಉಪನ್ಯಾಸಕಿ. ಪ್ರಾಜೆಕ್ಟ್ ಗೈಡ್ ಆಗಿ ಆ ಕೊನೆಯ ವಾರದಲ್ಲಿ ನನ್ನ ಕೈಯಲ್ಲಿರುವುದು ಬಹಳ ಕಡಿಮೆ. ಸೆಮಿಸ್ಟರ್ ಶುರುವಾದಾಗಲೇ ಬಂದಿದ್ದರೆ ಮಾಡುವಂಥದ್ದು ಬೇಕಾದಷ್ಟಿತ್ತು.

ಮೊದಲು ಅಂಕದ ಲೆಕ್ಕ ನೋಡೋಣ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನ ಸಂಗಮ ಆವರಣ ಇರುವುದು ಖಾನಾಪುರ ರಸ್ತೆಯ ಮಚ್ಛೆಯಲ್ಲಿ. ನಮ್ಮ ತಾಲ್ಲೂಕಿನ ಮಕ್ಕಳ ಬಸ್ಸು ಅದನ್ನು ದಾಟಿಯೇ ಬೆಳಗಾವಿ ಸೇರುತ್ತದೆ. ಆ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ ಪ್ರಾಜೆಕ್ಟಿನ ಆಂತರಿಕ ಅಂಕವನ್ನು 50:25:25ರಂತೆ ಹಂಚಿದ್ದಾರೆ. ಅರ್ಧ ರಿಪೋರ್ಟಿಗೆ, ಕಾಲು ಭಾಗ ಪ್ರೆಸೆಂಟೇಶನ್ನಿಗೆ, ಇನ್ನು ಕಾಲು ಪ್ರಶ್ನೋತ್ತರಕ್ಕೆ. ರಿಪೋರ್ಟಿನ ಅಂಕ ಬ್ಯಾಚಿನ ಎಲ್ಲರಿಗೂ ಒಂದೇ ಇರಬೇಕೆಂದು ನಿಯಮವೇ ಹೇಳುತ್ತದೆ. ಹಾಗಾಗಿ ಕೈಕಟ್ಟಿ ಕೂತವನಿಗೂ ಆ ಅರ್ಧ ಸಿಕ್ಕೇ ಸಿಗುತ್ತದೆ. ಉಳಿದ ಅರ್ಧವನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಅಳೆಯಬಹುದು. ದುಡಿಯುವ ಮಕ್ಕಳಿಗೆ ಈ ಎರಡನೆಯ ಸಂಗತಿ ಗೊತ್ತಿರುವುದೇ ಇಲ್ಲ.

ಗುಂಪಿನಲ್ಲಿ ಕೆಲಸ ಕದಿಯುವುದು ಇಂದಿನ ಹುಡುಗರ ಚಾಳಿ ಎಂದು ಸ್ಟಾಫ್ ರೂಮಿನಲ್ಲಿ ಹೇಳುವುದುಂಟು. ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1880ರ ದಶಕದಲ್ಲಿ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದ. ಜನ ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತ ಹೋಯಿತು. ಎಂಟು ಜನ ಸೇರಿದಾಗ ತಲಾ ಬಲ ಒಂಟಿಯಾಗಿ ಎಳೆದದ್ದರ ಅರ್ಧದ ಆಸುಪಾಸಿಗೆ ಇಳಿದಿತ್ತು. 1979ರಲ್ಲಿ ಅಮೆರಿಕದ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಎಂಬ ಮನಃಶಾಸ್ತ್ರಜ್ಞರು ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದರು. ಅಲ್ಲಿಯೂ ಹಾಗೇ ಆಯಿತು. ಅದೇ ಮೂವರು 1981ರಲ್ಲಿ ಕಂಡುಕೊಂಡದ್ದು ನನ್ನ ಕೆಲಸಕ್ಕೆ ಹೆಚ್ಚು ಬೇಕಾದ ಮಾತು: ಯಾರು ಎಷ್ಟು ಕೂಗಿದರು ಎಂಬುದು ಬೇರೆಯಾಗಿ ಗೊತ್ತಾಗುತ್ತದೆ ಎಂದು ತಿಳಿದರೆ, ಜನ ಗುಂಪಿನಲ್ಲಿದ್ದರೂ ದನಿ ತಗ್ಗಿಸುವುದಿಲ್ಲ.

ನಾರ್ಬರ್ಟ್ ಕೆರ್ ಎಂಬಾತ 1983ರಲ್ಲಿ ಇದರ ಇನ್ನೊಂದು ಮಗ್ಗುಲು ತೋರಿಸಿದ. ಕೈಲಾಗುವ ಜೊತೆಗಾರ ಬೇಕೆಂದೇ ಸುಮ್ಮನೆ ಕೂತಿದ್ದಾನೆ ಎಂದು ಕಂಡಾಗ, ದುಡಿಯುತ್ತಿದ್ದವನೂ ಕೈ ಸಡಿಲಿಸುತ್ತಾನೆ. ತಾನೊಬ್ಬನೇ ಯಾಕೆ ಸಾಯಬೇಕು ಎನಿಸುತ್ತದೆ. ಒಬ್ಬನ ಸೋಮಾರಿತನ ಇಡೀ ಬ್ಯಾಚನ್ನು ಕೆಡಿಸುವುದು ಹೀಗೆ.

ಹಾಗಾದರೆ ಯಾರ ಕೆಲಸ ಎಷ್ಟು ಎಂಬುದು ಕಾಣುವಂತೆ ಮಾಡುವುದು ಹೇಗೆ? ನನ್ನ ಒಂದು ಬ್ಯಾಚು ಖಾನಾಪುರದ ಹೆಂಚುಗಳನ್ನು ಪರೀಕ್ಷೆಗೆ ತೆಗೆದುಕೊಂಡಿತ್ತು. ನಮ್ಮೂರು ಜೇಡಿಮಣ್ಣಿಗೆ, ಹೆಂಚಿಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಹೆಂಚನ್ನು ಓವನ್ನಿನಲ್ಲಿ ಒಣಗಿಸಿ ತೂಗಬೇಕು, 24 ಗಂಟೆ ನೀರಲ್ಲಿ ಮುಳುಗಿಸಿ, ತೆಗೆದು, ಬಟ್ಟೆಯಿಂದ ಒರೆಸಿ ಮತ್ತೆ ತೂಗಬೇಕು. ಹೆಚ್ಚಾದ ತೂಕವೇ ಅದು ಕುಡಿದ ನೀರು. ಸರಳ ಪರೀಕ್ಷೆ, ಆದರೆ ಬೇಸರ ತರಿಸುವಷ್ಟು ಸಲ ಮಾಡಬೇಕು. ಲ್ಯಾಬಿನಲ್ಲಿ ಒಂದು ಉದ್ದ ರಿಜಿಸ್ಟರ್ ಇಡಿಸಿದೆ. ಹೆಂಚಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ನಂಬರು, ರಿಜಿಸ್ಟರಿನಲ್ಲಿ ಅದೇ ನಂಬರಿನ ಮುಂದೆ ಒಣ ತೂಕ, ಹಸಿ ತೂಕ, ತಾರೀಕು. ಕೊನೆಯ ಎರಡು ಕಾಲಮ್ಮುಗಳಲ್ಲಿ ತೂಗಿದವರ ಹೆಸರು, ಹೆಂಚು ತಂದವರ ಹೆಸರು.

ಮೊದಲ ರಿವ್ಯೂ ಹೊತ್ತಿಗೆ ಆ ಬ್ಯಾಚಿನ ಇಬ್ಬರು ಹುಡುಗಿಯರು ದೂರು ತಂದರು. ದೂರು ಇದ್ದದ್ದು ನಮ್ಮ ತಾಲ್ಲೂಕಿನ ಗುಂಜಿ ಆಚೆಯ ಹಳ್ಳಿಯ ಹುಡುಗನ ಮೇಲೆ. ಸಂಜೆಯ ಮೀಟಿಂಗಿಗೆ ಇರುವುದಿಲ್ಲ, ವಾಟ್ಸ್ಆಪಿಗೆ ಉತ್ತರವಿಲ್ಲ, ಒಂದು ಪುಟವೂ ಬರೆದಿಲ್ಲ. ರಿಜಿಸ್ಟರ್ ತರಿಸಿ ಎಲ್ಲರೂ ಕೂತು ನೋಡಿದೆವು. ಹೆಂಚು ತಂದವರ ಕಾಲಮ್ಮಿನಲ್ಲಿ ಬಹುಪಾಲು ಅವನದೇ ಹೆಸರು. ಕಾರ್ಖಾನೆಗಳಿಗೆ ಹೋಗಿ, ಒಡೆಯದಂತೆ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಹೊತ್ತು ತಂದವನು ಅವನು. ಸಂಜೆ ಕೂತರೆ ಊರಿಗೆ ಹೋಗುವ ಬಸ್ಸು ತಪ್ಪುತ್ತದೆ. ಮಳೆಗಾಲದಲ್ಲಿ ಆ ಕಾಡಂಚಿನ ಹಳ್ಳಿಗಳಲ್ಲಿ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಮನೆಮಾತು ಮರಾಠಿ, ಹತ್ತನೆಯವರೆಗೆ ಓದಿದ್ದೂ ಮರಾಠಿಯಲ್ಲೇ. ಇಂಗ್ಲಿಷಿನಲ್ಲಿ ಬರೆದು ನಗೆಪಾಟಲಾಗುವ ಭಯಕ್ಕೆ ಬರೆಯುವ ಕೆಲಸ ಬಂದಾಗ ಸುಮ್ಮನಿರುತ್ತಿದ್ದ. ಇನ್ನೊಬ್ಬ ಹುಡುಗ ಬೆಳಗಾವಿಯಲ್ಲೇ ಇರುವವನು, ಪ್ರತಿ ಮೀಟಿಂಗಿನಲ್ಲೂ ಮುಂದೆ ಕೂತು ಚೆನ್ನಾಗಿ ಮಾತಾಡುವವನು. ಅವನ ಹೆಸರು ರಿಜಿಸ್ಟರಿನಲ್ಲಿ ಎಲ್ಲೂ ಇರಲಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಬೆಳಗಾವಿ ಪೇಟೆಯ ಮಕ್ಕಳೂ ಖಾನಾಪುರದ ಹಳ್ಳಿಯ ಮಕ್ಕಳೂ ಒಂದೇ ಬ್ಯಾಚಿನಲ್ಲಿ ಸೇರಿದಾಗ, ಕಣ್ಣೆದುರು ಇರುವವನು ದುಡಿಯುವವನೆಂದೂ ಕಾಣದವನು ಸೋಮಾರಿಯೆಂದೂ ತೀರ್ಮಾನವಾಗಿಬಿಡುತ್ತದೆ. ಆಗದವನು ಬೇರೆ, ಮಾಡದವನು ಬೇರೆ. ಮೊದಲನೆಯವನಿಗೆ ಕೆಲಸ ಬದಲಿಸಿಕೊಡಬೇಕು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೀಟಿಂಗ್ ಇಡಬೇಕು. ಗುಂಜಿ ಕಡೆಯ ಹುಡುಗ ತನ್ನ ಭಾಗವನ್ನು ಬಾಯಲ್ಲಿ ಹೇಳಿದ, ಒಬ್ಬ ಹುಡುಗಿ ಬರೆದುಕೊಂಡಳು, ಆಮೇಲೆ ಇಬ್ಬರೂ ಕೂತು ತಿದ್ದಿದರು.

ಎರಡನೆಯವನ, ಅಂದರೆ ಮಾಡದವನ ಜೊತೆ ಮಾತಾಡುವುದು ಕಷ್ಟ. ‘ದೋಸ್ತ ಅದಾನ್ರಿ, ಹೆಂಗ ಹೇಳೂದು’ ಎಂದು ಮಕ್ಕಳು ಹಿಂಜರಿಯುತ್ತಾರೆ. ಒಂದೇ ಗಲ್ಲಿ, ಮನೆಮಂದಿಯೆಲ್ಲ ಪರಿಚಯ. ಆ ಮುಲಾಜು ನನಗೆ ಅರ್ಥವಾಗುತ್ತದೆ. ಆದರೂ ಹೇಳಲೇಬೇಕು, ಎಲ್ಲರೆದುರು ಬೇಡ, ಬೈದು ಬೇಡ. ‘ನೀ ಏನೂ ಮಾಡಂಗಿಲ್ಲ’ ಎಂದರೆ ಜಗಳ. ‘ಮೂರನೇ ಚಾಪ್ಟರಿನ ಟೇಬಲ್ ನಿಂದು. ಶುಕ್ರವಾರ ಸಂಜಿಗೆ ಕೊಡ್ತೀಯಾ? ಆಗಂಗಿಲ್ಲಂದ್ರ ಇವತ್ತ ಹೇಳು’ ಎಂದರೆ ಅವನು ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ. ಬಾಯಲ್ಲಿ ಹೇಳಿದ್ದನ್ನು ವಾಟ್ಸ್ಆಪ್ ಗುಂಪಿನಲ್ಲಿ ಒಂದು ಸಾಲು ಬರೆದು ಹಾಕಿ. ರಿಪೋರ್ಟನ್ನು ಗೂಗಲ್ ಡಾಕ್ಸಿನಲ್ಲಿ, ಅವರವರ ಲಾಗಿನ್ನಿನಿಂದಲೇ ಬರೆಯಿರಿ. ಯಾರು ಯಾವ ದಿನ ಏನು ಸೇರಿಸಿದರು ಎಂಬುದು ವರ್ಷನ್ ಹಿಸ್ಟರಿಯಲ್ಲಿ ಉಳಿಯುತ್ತದೆ.

ಹೇಳಿದ ದಿನಕ್ಕೂ ಬರದಿದ್ದರೆ? ಅವನ ಪಾಲನ್ನು ರಾತ್ರಿ ಕೂತು ನೀವೇ ಮುಗಿಸಬೇಡಿ. ಜಾಣ ಮಕ್ಕಳು, ಅದರಲ್ಲೂ ಹುಡುಗಿಯರು, ಅಂಕ ಹೋದೀತೆಂಬ ಹೆದರಿಕೆಗೆ ಇದನ್ನೇ ಮಾಡುತ್ತಾರೆ. ಒಂದು ಸಲ ಮಾಡಿದರೆ ಮುಂದಿನ ಸಲವೂ ಅವರೇ ಮಾಡುತ್ತಾರೆಂದು ಅವನಿಗೆ ಗಟ್ಟಿಯಾಗುತ್ತದೆ. ಆ ಪುಟವನ್ನು ಖಾಲಿ ಬಿಟ್ಟು, ರಿಜಿಸ್ಟರ್ ಮತ್ತು ಆ ಮೆಸೇಜುಗಳ ಸಮೇತ ಗೈಡ್ ಹತ್ತಿರ ಬನ್ನಿ. ಎರಡನೇ ರಿವ್ಯೂಗೆ ಮೊದಲೇ ಬನ್ನಿ. ಆಗ ಕೆಲಸ ಮರುಹಂಚಲು ಸಮಯವಿರುತ್ತದೆ, ಅವನಿಗೂ ದಾರಿ ಇರುತ್ತದೆ. ಹೆಂಚಿನ ಬ್ಯಾಚಿನ ಆ ಮಾತಿನ ಮಲ್ಲನಿಗೆ ನಾನು ಕೊಟ್ಟದ್ದು ಹೆಂಚು ಮುರಿಯುವ ಭಾರದ ಪರೀಕ್ಷೆ. ಮಿಷನ್ನಿನ ಮುಂದೆ ನಿಂತು ರೀಡಿಂಗ್ ಬರೆದುಕೊಳ್ಳುವವನೂ ಅವನೇ, ಪ್ರಶ್ನೆಗೆ ಉತ್ತರಿಸುವವನೂ ಅವನೇ. ಅರ್ಧಕ್ಕಿಂತ ಹೆಚ್ಚು ಮಾಡಿದ, ಪೂರ್ತಿ ಮಾಡಲಿಲ್ಲ. ಒಬ್ಬೊಬ್ಬರಿಗೂ ಬೇರೆಯಾಗಿ ಕೊಡುವ ಅಂಕದಲ್ಲಿ ಅದು ಕಂಡಿತು.

ಇಷ್ಟೆಲ್ಲ ಭಾರವನ್ನು ಮಕ್ಕಳ ಮೇಲೆಯೇ ಹಾಕುವುದು ಸರಿಯಲ್ಲ. ನಾಲ್ವರ ಹೆಸರಿಗೆ ಒಂದೇ ಅಂಕ ಕೊಡುವ ನಾವು, ಯಾರೇನು ಮಾಡಿದರೆಂದು ಕೇಳುವ ಹೊಣೆಯನ್ನೂ ಹೊರಬೇಕು. ಪ್ರೆಸೆಂಟೇಶನ್ ದಿನ ಯಾವ ಭಾಗ ಯಾರು ಹೇಳಬೇಕೆಂದು ನಾನು ಚೀಟಿ ಎತ್ತಿಸುತ್ತೇನೆ. ಹೀಗಾಗಿ ಎಲ್ಲರೂ ಎಲ್ಲವನ್ನೂ ಓದಿಕೊಂಡು ಬರುತ್ತಾರೆ. ನನ್ನ ಬ್ಯಾಚುಗಳ ರಿಪೋರ್ಟಿಗೆ ಅನುಬಂಧವಾಗಿ ರಿಜಿಸ್ಟರಿನ ಪುಟಗಳನ್ನು ಜೆರಾಕ್ಸ್ ಮಾಡಿಸಿ ಸೇರಿಸುತ್ತೇವೆ, ಹೆಸರಿನ ಕಾಲಮ್ಮುಗಳ ಸಮೇತ.