ಸಿಡಿಲಿನ ಎಚ್ಚರಿಕೆ ಕಿವಿಗೆ ಬೀಳಲಿ

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ರೈತ ಬಾಂಧವರೇ,

ಹತ್ತಿ, ತೊಗರಿ ಬಿತ್ತುವ ಕಾಲವೇ ಸಿಡಿಲಿನ ಕಾಲವೂ ಹೌದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿದ ‘ದಾಮಿನಿ’ ಆ್ಯಪನ್ನು ಮೊಬೈಲಿನಲ್ಲಿ ಹಾಕಿಸಿಕೊಳ್ಳಿರಿ. 20 ರಿಂದ 40 ಕಿಲೋಮೀಟರಿನೊಳಗೆ ಸಿಡಿಲು ಬೀಳುತ್ತಿದ್ದರೆ ಅದು ಎಚ್ಚರಿಸುತ್ತದೆ. ಇದಕ್ಕೆ ಇಂಟರ್ನೆಟ್, ಲೊಕೇಶನ್ ಚಾಲೂ ಇರಬೇಕು. ಮೊಬೈಲಿನ ಸದ್ದು ಬಂದ್ ಮಾಡಿರಬಾರದು.

ಸಿಗ್ನಲ್ ಸಿಗದ ಹೊಲಕ್ಕೆ ಹಳೆಯ ಮೀಡಿಯಂ ವೇವ್ ರೇಡಿಯೋ ಒಯ್ಯಿರಿ. ಮಿಂಚಿದಾಗಲೆಲ್ಲ ಅದು ಚರ್ ಚರ್ ಎನ್ನುವುದು; ಎಫ್.ಎಂ.ನಲ್ಲಿ ಈ ಸದ್ದು ಅಷ್ಟಾಗಿ ಕೇಳಿಸದು.

ಎರಡೂ ಇಲ್ಲವೇ? ಮಿಂಚು ಕಂಡೊಡನೆ ಸೆಕೆಂಡು ಎಣಿಸಿರಿ. 30ರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ. ಬೇವಿನ ಗಿಡದ ಕೆಳಗೆ ನಿಲ್ಲದೆ ಪಕ್ಕಾ ಮನೆ ಸೇರಿರಿ. ಕೊನೆಯ ಗುಡುಗಿನ ಅರ್ಧ ತಾಸಿನ ಮೇಲೆಯೇ ಹೊರಬನ್ನಿರಿ. ಅರ್ಧ ತಾಸು ತಡವಾದರೆ ಬಿತ್ತನೆ ಕೆಡದು.