ಮಾಳಿಗೆ ಮೇಲಿನ ನಿದ್ದೆ, ಬೇವಿನ ಮರದ ಕೂಗು

ಬೇಸಿಗೆ ಬಲಿತರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿನ ಹಳ್ಳಿಗಳಲ್ಲಿ ಹಾಸಿಗೆ ಮಾಳಿಗೆ ಏರುತ್ತದೆ. 40 ಡಿಗ್ರಿ ದಾಟಿದ ಬಿಸಿಲಿಗೆ ಕಾದ ಗೋಡೆಗಳು ನಡುರಾತ್ರಿಯಾದರೂ ತಣಿಯುವುದಿಲ್ಲ. ಇನ್ನೇನು ಕಣ್ಣು ಹತ್ತಿತು ಅನ್ನುವಾಗ ಪಕ್ಕದ ಬೇವಿನ ಮರದಲ್ಲಿ ಕೋಗಿಲೆ ಶುರುಮಾಡುತ್ತದೆ. ಕುಹೂ, ಕುಹೂ ಎಂದು ಒಂದಕ್ಕಿಂತ ಒಂದು ಎತ್ತರದ ದನಿ. ತುಸು ಬಿಡುವು, ಮತ್ತೆ ಮೊದಲಿನಿಂದ.

ಹೀಗೆ ಕೂಗುವುದು ಕೆಂಪು ಕಣ್ಣಿನ ಕರಿ ಗಂಡು. ಇದು ಅದರ ಸಂತಾನದ ಕಾಲ. ಹೆಣ್ಣನ್ನು ಕರೆಯಬೇಕು, ಬೇರೆ ಗಂಡುಗಳನ್ನು ದೂರ ಇಡಬೇಕು. ಹೆಣ್ಣು ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಾದ್ದರಿಂದ ಕಾಗೆ ಗೂಡು ಕಟ್ಟುವ ದಿನಗಳೊಳಗೇ ಜೋಡಿ ಕೂಡಬೇಕು. ಅಷ್ಟು ಅವಸರಕ್ಕೆ ಹಗಲೊಂದೇ ಸಾಲದು.

ರಾತ್ರಿಯ ಗಾಳಿಯೂ ಕೂಗಿಗೆ ಒತ್ತಾಸೆ. ನೆಲ ತಣಿದಾಗ ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ, ಮೇಲಿನ ಪದರ ಬೆಚ್ಚಗೆ ಉಳಿಯುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ನೆಲದತ್ತ ಇಳಿಯುತ್ತದೆ. ಹಗಲು ಕೇಳಿಸದಷ್ಟು ದೂರದ ಹಕ್ಕಿಯೂ ದಿಂಬಿನ ಹತ್ತಿರವೇ ಕೂತು ಕೂಗಿದಂತಾಗುತ್ತದೆ.

ಹುಣಸೆ ಮರದ ಪೊಟರೆಯಲ್ಲಿ ಚಿರ್‌ಚಿರ್ ಎಂದು ಜಗಳ ತೆಗೆಯುವ ಹಾಲಕ್ಕಿಯ ಮಾತು ಬೇರೆ. ಬುಡಬುಡಿಕೆಯವರು ಶಕುನ ಹೇಳುವುದು ಇದೇ ಪುಟ್ಟ ಗೂಬೆಯ ಹೆಸರಿನಲ್ಲಿ. ಹುಳ, ಇಲಿ ಹಿಡಿಯುವ ಅದರ ದುಡಿಮೆ ಶುರುವಾಗುವುದೇ ಕತ್ತಲಾದ ಮೇಲೆ.

ಊರಾಚೆ ಟಿಟ್ಟಿಭ. ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲಿನ ಮಡಿಕೆ. ಗೂಡೆಂದರೆ ಬರೀ ನೆಲದ ಮೇಲಿನ ಸಣ್ಣ ತಗ್ಗು, ಸುತ್ತ ಒಂದಿಷ್ಟು ಹರಳು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕರಿ ಮಚ್ಚೆ ಇರುವುದರಿಂದ ಎರಡು ಹೆಜ್ಜೆ ಹತ್ತಿರ ನಿಂತರೂ ಕಾಣಿಸವು. ಪಂಪ್‌ಸೆಟ್ಟಿಗೆ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ರೈತ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೊರಡುತ್ತಾನೆ. ಬೆಳಕು ಗೂಡಿನತ್ತ ಬಂತೆಂದರೆ ಹಕ್ಕಿ ಸದ್ದಿಲ್ಲದೆ ಎದ್ದು, ಆಚೆ ಹೋಗಿ, ಅಲ್ಲಿಂದ ಚೀರುತ್ತ ತಲೆಯ ಮೇಲೆ ಸುತ್ತು ಹಾಕುತ್ತದೆ. ನರಿ, ನಾಯಿ ಬಂದರೂ ಇದೇ ಕೂಗು. ಕೋಗಿಲೆಯದು ಹಾಡಾದರೆ ಇದು ಮೊಟ್ಟೆ ಉಳಿಸಿಕೊಳ್ಳುವ ಹೋರಾಟ.

ಹಕ್ಕಿಗಳ ರಾತ್ರಿಯನ್ನು ಕದಡುವುದರಲ್ಲಿ ಮನುಷ್ಯರ ಪಾಲೂ ಇದೆ. ಕತ್ತಲಲ್ಲಿ ಹಕ್ಕಿಯ ಮೈಯಲ್ಲಿ ಮೆಲಟೋನಿನ್ ಹೆಚ್ಚುತ್ತದೆ, ಬೆಳಕು ಬಿದ್ದರೆ ಕುಗ್ಗುತ್ತದೆ. ವಿಯೆನ್ನಾ ಬಳಿಯ ಕಾಡಿನಂಚಿನ ಕೆಲವು ಹಕ್ಕಿಗಳು ಬೀದಿದೀಪದ ಹತ್ತಿರ ನಸುಕಿಗೂ ಬಹಳ ಮೊದಲೇ ಹಾಡತೊಡಗುತ್ತವೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 2007ರ ಅಧ್ಯಯನ ಇನ್ನೊಂದು ಕಾರಣ ಹಿಡಿಯಿತು: ಹಗಲು ವಾಹನಗಳ ಗದ್ದಲ ಜೋರಾಗಿರುವ ಕಡೆಯ ರಾಬಿನ್‌ಗಳೇ ರಾತ್ರಿ ಹೆಚ್ಚು ಹಾಡುತ್ತಿದ್ದವು. ಹಾಗಾಗಿ ಮರಕ್ಕೆ ಕಲ್ಲು ಬೀರುವುದಕ್ಕಿಂತ ಮರದ ಮೇಲೆ ಬೀಳುವ ದೀಪಕ್ಕೆ ಮರೆ ಕಟ್ಟಿ ಬೆಳಕನ್ನು ನೆಲಕ್ಕೆ ಇಳಿಸುವುದೇ ಸರಿಯಾದ ದಾರಿ.

ಹೊಲದಲ್ಲಿ ಟಿಟ್ಟಿಭದ ಮೊಟ್ಟೆ ಕಂಡರೆ ನಾಲ್ಕು ಗೂಟ ನೆಟ್ಟು ಅಷ್ಟು ಜಾಗ ಬಿಟ್ಟು ಉಳಬಹುದು. ಕಾವು ಕೂರುವುದು ಸುಮಾರು 28 ದಿನ. ಮರಿಗಳು ಹುಟ್ಟಿದ ಕೆಲವೇ ತಾಸುಗಳಲ್ಲಿ ನಡೆದಾಡುತ್ತವೆ. ತಾಯಿ ತಂದೆ ಅವನ್ನು ಕರೆದುಕೊಂಡು ಬೇರೆ ಬಯಲಿಗೆ ಸಾಗುತ್ತವೆ.