ಕಲ್ಲಿನ ಅಗ್ಗಿಷ್ಟಿಕೆ: ಬಾಯಿ ಮತ್ತು ಮುಖ

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿರುವ ಟ್ಯಾಟರ್‌ಶಾಲ್ ಕೋಟೆಯ ಕಲ್ಲಿನ ಅಗ್ಗಿಷ್ಟಿಕೆಗಳನ್ನು ಗೋಡೆಯಿಂದ ಕಿತ್ತು ಸಾಗಿಸಿಯಾಗಿತ್ತು. ಅವು ಇನ್ನೇನು ಅಮೆರಿಕದ ಪಾಲಾಗಬೇಕು ಎನ್ನುವಾಗ, 1911ರಲ್ಲಿ ಲಾರ್ಡ್ ಕರ್ಜನ್ ಕೋಟೆಯನ್ನೇ ಕೊಂಡರು. ಅಗ್ಗಿಷ್ಟಿಕೆಗಳನ್ನು ಲಂಡನ್ನಿನಲ್ಲಿ ಪತ್ತೆಹಚ್ಚಿ, ಮರಳಿ ತಂದು ಕೂರಿಸಿದರು. ಭಾರತದ ವೈಸ್‌ರಾಯ್ ಆಗಿದ್ದಾಗ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ ತಂದವರೂ ಇವರೇ. 1913ರಲ್ಲಿ ಬ್ರಿಟನ್ನಿಗೂ ಬಿಗಿಯಾದ ಸ್ಮಾರಕ ಕಾಯ್ದೆ ಬರಲು ಈ ಪ್ರಕರಣ ದಾರಿಮಾಡಿತು.

ಅಷ್ಟೊಂದು ಹಂಬಲಿಸುವಂಥದ್ದು ಆ ಕಲ್ಲಿನಲ್ಲಿ ಏನಿತ್ತು? 15ನೇ ಶತಮಾನದಲ್ಲಿ ಇಲ್ಲಿನ ಇಟ್ಟಿಗೆಯ ಗೋಪುರ ಎಬ್ಬಿಸಿದ ರಾಲ್ಫ್ ಕ್ರಾಮ್‌ವೆಲ್ ರಾಜನ ಖಜಾಂಚಿ. ಅವನ ಅಗ್ಗಿಷ್ಟಿಕೆಗಳಲ್ಲಿ ಬೆಂಕಿಯ ಬಾಯಿಗೆ ತಗ್ಗಾದ ಕಮಾನು, ಅದರ ಮೇಲಿನ ಪಟ್ಟಿಯಲ್ಲಿ ವಂಶಲಾಂಛನದ ಗುರಾಣಿಗಳು, ನಡುವೆ ಖಜಾಂಚಿಯ ಹಣದ ಚೀಲ, ನೆತ್ತಿಯಲ್ಲಿ ಸಾಲಾಗಿ ಕೋಟೆಯ ತೆನೆಗಳು. ಮೈ ಕಾಯಿಸಿಕೊಳ್ಳಲು ನಿಂತ ಅತಿಥಿ ಒಡೆಯನ ಮನೆತನವನ್ನೂ ಹುದ್ದೆಯನ್ನೂ ಅಲ್ಲೇ ಓದಿಕೊಳ್ಳಬಹುದಿತ್ತು. ಇಂದು ‘ಗಾಥಿಕ್’, ‘ಟ್ಯೂಡರ್’ ಹೆಸರಿನಲ್ಲಿ ಕೆತ್ತುವ ಅಗ್ಗಿಷ್ಟಿಕೆಗಳ ತಗ್ಗುಕಮಾನು, ಗುರಾಣಿಗಳ ಬೇರು ಇಂಥ ಕೆಲಸದಲ್ಲಿದೆ.

18ನೇ ಶತಮಾನಕ್ಕೆ ಅಭಿರುಚಿ ರೋಮಿನತ್ತ ತಿರುಗಿತು. ಇಟಲಿ ಸುತ್ತಿಬಂದ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಅಮೃತಶಿಲೆಯಲ್ಲಿ ಹೂಮಾಲೆ, ಕಲಶಗಳನ್ನು ತೆಳುವಾಗಿ ಬಿಡಿಸಿದ. ಅವನು ಒಳಾಂಗಣ ರೂಪಿಸಿದ ಕರ್ಜನ್ ಮನೆತನದ ಕೆಡಲ್‌ಸ್ಟನ್ ಹಾಲ್‌ನ ಸಂಗೀತ ಕೊಠಡಿಯ ಅಗ್ಗಿಷ್ಟಿಕೆಯಲ್ಲಿ ಡರ್ಬಿಶೈರ್‌ನ ನೇರಳೆ ಛಾಯೆಯ ಬ್ಲೂ ಜಾನ್ ಕಲ್ಲನ್ನು ಕೂರಿಸಲಾಗಿದೆ. ಇಟಲಿಯ ಕಲಾವಿದ ಪಿರನೇಸಿ 1769ರಲ್ಲಿ ಪ್ರಕಟಿಸಿದ ನಕ್ಷೆಗಳಲ್ಲಂತೂ ಈಜಿಪ್ಟಿನ ಆಕೃತಿಗಳೂ ಅಗ್ಗಿಷ್ಟಿಕೆ ಏರಿದವು.

ಇಷ್ಟೆಲ್ಲ ಅಲಂಕಾರದ ಹಿಂದೆ ಹೊಗೆ ಮಾತ್ರ ಹಾಗೇ ಕಾಡುತ್ತಿತ್ತು. ಅಗಲವಾದ ಬಾಯಿ ಕೋಣೆಯ ಬೆಚ್ಚನೆ ಗಾಳಿಯನ್ನೇ ಚಿಮಣಿಗೆ ಎಳೆದೊಯ್ಯುತ್ತಿತ್ತು. 1790ರ ದಶಕದಲ್ಲಿ ವಿಜ್ಞಾನಿ ಕೌಂಟ್ ರಮ್‌ಫರ್ಡ್ ಇದಕ್ಕೆ ಪರಿಹಾರ ಕಂಡುಕೊಂಡ: ಒಲೆಯ ಆಳ ತಗ್ಗಿಸಿದ, ಪಕ್ಕದ ಗೋಡೆಗಳನ್ನು ಓರೆಮಾಡಿದ, ಚಿಮಣಿಯ ಗಂಟಲನ್ನು ಸುಮಾರು 4 ಅಂಗುಲಕ್ಕೆ ಇಳಿಸಿದ. ಹೊಗೆ ಸಲೀಸಾಗಿ ಮೇಲೇರಿತು, ಶಾಖ ಕೋಣೆಗೆ ಮರಳಿತು. ನನ್ನ ದೃಷ್ಟಿಯಲ್ಲಿ ಅಗ್ಗಿಷ್ಟಿಕೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವಿನ್ಯಾಸ ಇನ್ನೊಂದಿಲ್ಲ. ಯಾವ ಕೆತ್ತನೆಯೂ ಇದರ ಸಮಕ್ಕೆ ಬಾರದು.

ಈಗ ಸುಣ್ಣಕಲ್ಲಿನಲ್ಲಿ ಕೆತ್ತಿಯೂ, ಕಲ್ಲಿನ ಪುಡಿಯನ್ನು ಅಚ್ಚಿಗೆ ಸುರಿದೂ ಹಳೆಯ ಮಾದರಿಗಳನ್ನು ಮರಳಿ ತರುತ್ತಾರೆ. ಮುಖ ಟ್ಯೂಡರ್ ಕಾಲದ್ದಾದರೂ ಒಳಗೆ ಗ್ಯಾಸ್ ಉರಿಯುವುದುಂಟು. ಮಲೆನಾಡಿನಲ್ಲೋ ಕೊಡಗಿನಲ್ಲೋ ಮನೆ ಕಟ್ಟುತ್ತಾ ಇಂಥದ್ದೊಂದು ಬೇಕೆನಿಸಿದರೆ, ಮೊದಲು ಒಲೆಯ ಆಳ, ಬಾಯಿಯ ಅಗಲ, ಚಿಮಣಿಯ ಎತ್ತರಗಳನ್ನು ಬಲ್ಲವರ ಜೊತೆ ಕೂತು ಲೆಕ್ಕ ಹಾಕಿಸಿ. ಕಮಾನು ಯಾವ ಶತಮಾನದ್ದಿರಬೇಕು ಎಂಬುದನ್ನು ಆಮೇಲೆ ತೀರ್ಮಾನಿಸಿ.